ಕಚೇರಿ ಜಾಲದಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್ ದತ್ತಸಂಚಯದ ವೇಗವರ್ಧನೆ

ಮೈಕ್ರೋಸಾಫ್ಟ್ ಆಕ್ಸೆಸ್ ಎಂಬುದು ಮೈಕ್ರೋಸಾಫ್ಟ್ ಸಂಸ್ಥೆಯು 1992ರಲ್ಲಿ ಬಿಡುಗಡೆ ಮಾಡಿದ, ವಿಂಡೋಸ್ ಗಣಕಗಳಲ್ಲಿ ನಡೆಯುವ ಸಂಬಂಧಾತ್ಮಕ ದತ್ತಸಂಚಯ ತಂತ್ರಾಂಶವಾಗಿದೆ. ಸಣ್ಣ ಕಚೇರಿಗಳಲ್ಲಿ ಲೆಕ್ಕಪತ್ರ, ದಾಸ್ತಾನು, ಸದಸ್ಯರ ಪಟ್ಟಿ ಮುಂತಾದವನ್ನು ಹಲವರು ಏಕಕಾಲದಲ್ಲಿ ಬಳಸಲು ಇದನ್ನು ಸ್ಥಳೀಯ ಜಾಲದ ಮೂಲಕ ಹಂಚಿಕೊಳ್ಳಲಾಗುತ್ತದೆ. ಒಂದೇ ಗಣಕದಲ್ಲಿ ಚುರುಕಾಗಿದ್ದ ದತ್ತಸಂಚಯವು ಜಾಲದಲ್ಲಿ ಹಂಚಿಕೊಂಡ ನಂತರ ನಿಧಾನವಾಗುವುದು ಸಾಮಾನ್ಯ. ಇದಕ್ಕೆ ಕಾರಣ ಹಲವು ಬಾರಿ ಗಣಕದ ಸಾಮರ್ಥ್ಯವಲ್ಲ, ದತ್ತಸಂಚಯದ ವಿನ್ಯಾಸ.

ಕಾರ್ಯವಿಧಾನ

ಎಸ್‌ಕ್ಯೂಎಲ್ ಸರ್ವರ್, ಒರಾಕಲ್ ಮೊದಲಾದ ವ್ಯವಸ್ಥೆಗಳಲ್ಲಿ ದತ್ತಾಂಶವನ್ನು ಹುಡುಕುವ ಕೆಲಸವನ್ನು ಸರ್ವರ್ ಮಾಡಿ, ಫಲಿತಾಂಶವನ್ನು ಮಾತ್ರ ಬಳಕೆದಾರನಿಗೆ ಕಳುಹಿಸುತ್ತದೆ. ಆಕ್ಸೆಸ್‌ನಲ್ಲಿ ಹಾಗಿಲ್ಲ. ಸರ್ವರ್ ಇಲ್ಲಿ ಕಡತವನ್ನು ಇರಿಸುವ ಸ್ಥಳ ಮಾತ್ರ. ಹುಡುಕುವ, ವಿಂಗಡಿಸುವ ಮತ್ತು ಕೂಡಿಸುವ ಕೆಲಸವೆಲ್ಲ ಪ್ರತಿಯೊಬ್ಬ ಬಳಕೆದಾರನ ಗಣಕದಲ್ಲಿರುವ ದತ್ತಸಂಚಯ ಎಂಜಿನ್‌ನಿಂದ ನಡೆಯುತ್ತದೆ. ಈ ಎಂಜಿನ್ ಮೊದಲು ಜೆಟ್ ಎಂಬ ಹೆಸರಿನದಾಗಿತ್ತು. ಆಕ್ಸೆಸ್ 2007ರಿಂದ ಅದರ ಸ್ಥಾನದಲ್ಲಿ ಏಸ್ ಎಂಜಿನ್ ಬಂದಿತು.

ಪ್ರತಿ ಬಾರಿಯೂ ಇಡೀ ಕೋಷ್ಟಕವೇ ಜಾಲದ ಮೂಲಕ ಹರಿದುಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಪೂರ್ಣ ಸರಿಯಲ್ಲ. ಸೂಕ್ತ ಸೂಚಿ, ಅಂದರೆ ಇಂಡೆಕ್ಸ್ ಇದ್ದರೆ ಎಂಜಿನ್ ಮೊದಲು ಸೂಚಿಯ ಪುಟಗಳನ್ನು ಓದಿ, ಬಳಿಕ ಬೇಕಾದ ದಾಖಲೆಗಳಿರುವ ಪುಟಗಳನ್ನು ಮಾತ್ರ ತರಿಸಿಕೊಳ್ಳುತ್ತದೆ. ಸೂಚಿ ಇಲ್ಲದಿದ್ದಾಗ ಮಾತ್ರ ಕೋಷ್ಟಕವನ್ನು ಪೂರ್ತಿ ಓದಬೇಕಾಗುತ್ತದೆ.

ಕಡತದ ವಿಭಜನೆ

ವೇಗವರ್ಧನೆಯ ಮೊದಲ ಹಂತವೆಂದರೆ ದತ್ತಸಂಚಯವನ್ನು ಎರಡು ಕಡತಗಳಾಗಿ ಬೇರ್ಪಡಿಸುವುದು. ಕೋಷ್ಟಕಗಳಷ್ಟೇ ಇರುವ ಹಿಂಭಾಗದ ಕಡತವು ಸರ್ವರ್‌ನಲ್ಲಿರುತ್ತದೆ. ಫಾರ್ಮ್, ವರದಿ, ಕ್ವೆರಿ ಮತ್ತು ಪ್ರೋಗ್ರಾಂ ಸಂಕೇತಗಳಿರುವ ಮುಂಭಾಗದ ಕಡತದ ಒಂದೊಂದು ಪ್ರತಿಯನ್ನು ಪ್ರತಿ ಬಳಕೆದಾರನ ಗಣಕದಲ್ಲಿ ಇರಿಸಲಾಗುತ್ತದೆ. ಇದರಿಂದ ಫಾರ್ಮ್‌ಗಳ ವಿನ್ಯಾಸವು ಪ್ರತಿ ಬಾರಿ ಜಾಲದ ಮೂಲಕ ಬರಬೇಕಾಗಿಲ್ಲ. ಹಲವರು ಒಂದೇ ಮುಂಭಾಗದ ಕಡತವನ್ನು ಹಂಚಿಕೊಂಡರೆ ವೇಗ ಕುಂಠಿತವಾಗುವುದಲ್ಲದೆ ಕಡತವು ಕೆಡುವ ಸಂಭವವೂ ಹೆಚ್ಚುತ್ತದೆ.

ನಿರಂತರ ಸಂಪರ್ಕ

ಹಂಚಿಕೆಯ ಕಡತವನ್ನು ಮೊದಲ ಬಳಕೆದಾರ ತೆರೆದಾಗ ಅದೇ ಫೋಲ್ಡರ್‌ನಲ್ಲಿ ಒಂದು ಬೀಗದ ಕಡತ ಸೃಷ್ಟಿಯಾಗುತ್ತದೆ. ಕೊನೆಯ ಬಳಕೆದಾರ ಹೊರಬಂದಾಗ ಅದು ಅಳಿಯುತ್ತದೆ. ಪ್ರತಿಯೊಂದು ಫಾರ್ಮ್ ತೆರೆದು ಮುಚ್ಚಿದಾಗಲೂ ಈ ಸಂಪರ್ಕವನ್ನು ಹೊಸದಾಗಿ ಏರ್ಪಡಿಸಿ ಕಡಿದರೆ ಗಮನಾರ್ಹ ವಿಳಂಬವಾಗುತ್ತದೆ. ಹಿಂಭಾಗದ ಕಡತದ ಯಾವುದಾದರೂ ಸಣ್ಣ ಕೋಷ್ಟಕಕ್ಕೆ ಜೋಡಿಸಿದ ಫಾರ್ಮ್ ಒಂದನ್ನು ಕೆಲಸ ಮುಗಿಯುವವರೆಗೂ ಮರೆಯಲ್ಲಿ ತೆರೆದಿಡುವುದು ಇದಕ್ಕೆ ಸರಳ ಪರಿಹಾರ. ಬೀಗದ ಕಡತವನ್ನು ಸೃಷ್ಟಿಸಲು ಮತ್ತು ಅಳಿಸಲು ಎಲ್ಲ ಬಳಕೆದಾರರಿಗೂ ಆ ಫೋಲ್ಡರ್‌ನಲ್ಲಿ ಅನುಮತಿ ಇರುವುದು ಅಗತ್ಯ.

ಸೂಚಿಗಳು ಮತ್ತು ಕ್ವೆರಿಗಳು

ಹುಡುಕಲು, ವಿಂಗಡಿಸಲು ಮತ್ತು ಕೋಷ್ಟಕಗಳನ್ನು ಜೋಡಿಸಲು ಬಳಸುವ ಕ್ಷೇತ್ರಗಳಿಗೆ ಸೂಚಿ ಇರಬೇಕು. ಆದರೆ ಪ್ರತಿ ಹೊಸ ದಾಖಲೆಯೊಂದಿಗೆ ಎಲ್ಲ ಸೂಚಿಗಳನ್ನೂ ಬದಲಿಸಬೇಕಾಗುವುದರಿಂದ ಅತಿಯಾದ ಸೂಚಿಗಳು ದಾಖಲಾತಿಯನ್ನು ನಿಧಾನಗೊಳಿಸುತ್ತವೆ.

ಸೂಚಿ ಇದ್ದರೂ ಕ್ವೆರಿಯ ರಚನೆಯಿಂದ ಅದು ನಿರುಪಯುಕ್ತವಾಗಬಹುದು. ದಿನಾಂಕದ ಕ್ಷೇತ್ರದಿಂದ ವರ್ಷವನ್ನು ಬೇರ್ಪಡಿಸಿ 2023ರೊಂದಿಗೆ ಹೋಲಿಸಿದರೆ ಪ್ರತಿಯೊಂದು ದಾಖಲೆಯನ್ನೂ ಪರಿಶೀಲಿಸಬೇಕಾಗುತ್ತದೆ. ಅದರ ಬದಲು 2023ರ ಜನವರಿ 1ರಿಂದ ಡಿಸೆಂಬರ್ 31ರವರೆಗೆ ಎಂದು ವ್ಯಾಪ್ತಿಯನ್ನು ಕೊಟ್ಟರೆ ಸೂಚಿ ಬಳಕೆಯಾಗುತ್ತದೆ. ಹೆಸರಿನ ಆರಂಭದ ಅಕ್ಷರಗಳಿಂದ ಹುಡುಕುವುದು ವೇಗವಾದದ್ದು. ಹೆಸರಿನ ನಡುವಿನ ಅಕ್ಷರಗಳಿಂದ ಹುಡುಕುವಾಗ ಸೂಚಿ ನೆರವಾಗದು.

ಫಾರ್ಮ್ ತೆರೆದ ಕೂಡಲೇ ಎಲ್ಲ ದಾಖಲೆಗಳನ್ನೂ ತರುವ ಬದಲು, ಬಳಕೆದಾರ ಕೇಳಿದ ದಾಖಲೆಯನ್ನಷ್ಟೇ ತರುವುದು ಉತ್ತಮ. ಆಕ್ಸೆಸ್ 2000ದಲ್ಲಿ ಬಂದ ಉಪದತ್ತಾಂಶ ಹಾಳೆ ಹಾಗೂ ಹೆಸರುಗಳ ಸ್ವಯಂ ತಿದ್ದುಪಡಿ ಎಂಬ ಸೌಲಭ್ಯಗಳನ್ನು ಹಂಚಿಕೆಯ ದತ್ತಸಂಚಯಗಳಲ್ಲಿ ಸಾಮಾನ್ಯವಾಗಿ ನಿಷ್ಕ್ರಿಯಗೊಳಿಸಲಾಗುತ್ತದೆ.

ನಿರ್ವಹಣೆ ಮತ್ತು ಸುರಕ್ಷತೆ

ದಾಖಲೆಗಳನ್ನು ಅಳಿಸಿದರೂ ಕಡತದ ಗಾತ್ರ ತಾನಾಗಿ ಕುಗ್ಗುವುದಿಲ್ಲ. ಕಾಂಪ್ಯಾಕ್ಟ್ ಅಂಡ್ ರಿಪೇರ್ ಎಂಬ ಆದೇಶವು ಖಾಲಿ ಜಾಗವನ್ನು ತೆಗೆದು, ದಾಖಲೆಗಳನ್ನು ಪ್ರಧಾನ ಕೀಲಿಯ ಕ್ರಮದಲ್ಲಿ ಜೋಡಿಸುತ್ತದೆ. ಇದನ್ನು ನಡೆಸುವ ಮುನ್ನ ಎಲ್ಲರೂ ದತ್ತಸಂಚಯದಿಂದ ಹೊರಬಂದಿರಬೇಕು ಮತ್ತು ಕಡತದ ಬ್ಯಾಕಪ್ ಪ್ರತಿ ಇರಬೇಕು.

ಬರೆಯುವ ಕೆಲಸ ಬಳಕೆದಾರನ ಗಣಕದಿಂದಲೇ ನಡೆಯುವುದರಿಂದ ನಡುವೆ ಸಂಪರ್ಕ ಕಡಿದರೆ ಕಡತ ಅರೆಬರೆಯಾಗಿ ಉಳಿದು, ಇಡೀ ಕಚೇರಿಯ ದಾಖಲೆಗಳು ತೆರೆಯದಂತಾಗಬಹುದು. ಆದ್ದರಿಂದ ವೈಫೈಗಿಂತ ತಂತಿ ಜಾಲವು ಮೇಲು. ದೂರದ ಶಾಖೆಗಳಿಂದ ಕಡತವನ್ನು ನೇರವಾಗಿ ತೆರೆಯುವ ಬದಲು ರಿಮೋಟ್ ಡೆಸ್ಕ್‌ಟಾಪ್ ಬಳಸಿದರೆ ದತ್ತಾಂಶದ ಓಡಾಟವೆಲ್ಲ ಮುಖ್ಯ ಕಚೇರಿಯ ಜಾಲದೊಳಗೇ ಉಳಿಯುತ್ತದೆ.

ಮಿತಿಗಳು ಮತ್ತು ಪರ್ಯಾಯ

ಆಕ್ಸೆಸ್ ಕಡತದ ಗರಿಷ್ಠ ಗಾತ್ರ 2 ಗಿಗಾಬೈಟ್. ಏಕಕಾಲದ ಬಳಕೆದಾರರ ಘೋಷಿತ ಮಿತಿ 255 ಆಗಿದ್ದರೂ ವಾಸ್ತವದಲ್ಲಿ ಅದಕ್ಕಿಂತ ಬಹಳ ಕಡಿಮೆ ಜನರಿದ್ದಾಗಲೇ ನಿಧಾನಗತಿ ಕಂಡುಬರುತ್ತದೆ. ಆ ಹಂತದಲ್ಲಿ ಕೋಷ್ಟಕಗಳನ್ನು ಎಸ್‌ಕ್ಯೂಎಲ್ ಸರ್ವರ್‌ಗೆ ವರ್ಗಾಯಿಸಿ, ಆಕ್ಸೆಸ್ ಅನ್ನು ಮುಂಭಾಗವಾಗಿ ಉಳಿಸಿಕೊಳ್ಳಬಹುದು. ಅದರ ಎಕ್ಸ್‌ಪ್ರೆಸ್ ಆವೃತ್ತಿ ಉಚಿತವಾಗಿ ದೊರೆಯುತ್ತದೆ. ಆದರೆ ಕೋಷ್ಟಕಗಳನ್ನು ವರ್ಗಾಯಿಸಿದ ಮಾತ್ರಕ್ಕೆ ವೇಗ ಹೆಚ್ಚದು. ಹುಡುಕುವ ಕೆಲಸವು ಸರ್ವರ್‌ನಲ್ಲೇ ನಡೆಯುವಂತೆ ಕ್ವೆರಿಗಳನ್ನು ಮರುರೂಪಿಸದಿದ್ದರೆ ಅದು ಮೊದಲಿಗಿಂತಲೂ ನಿಧಾನವಾಗಬಹುದು.