ಹಿತ್ತಿಲ ಗೋಡೆಯಾಚೆಯ ಬಂಡಿಕೇರಿ: ಮೈಸೂರಿನಲ್ಲಿ ಸಮಾಜಶಾಸ್ತ್ರ ಪಾಠವಾದ ಬಗೆ

ಮೈಸೂರಿನ ಕಾಲೇಜು ರಸ್ತೆಯಲ್ಲೊಂದು ಅಯ್ಯಂಗಾರ್ ಮನೆ. ಅದರ ಹಿತ್ತಿಲ ಗೋಡೆಯಿಂದ ಐವತ್ತು ಗಜದೊಳಗೇ ಬಂಡಿಕೇರಿ. ಅಲ್ಲಿದ್ದವರು ಕುರುಬರು. ಅವರ ಮಾತಿನ ಧಾಟಿ ಬೇರೆ, ಊಟ ಬೇರೆ, ಕೇರಿಯ ವಾಸನೆಯೂ ಬೇರೆ. ಆ ಮನೆಯ ಹುಡುಗ ಮುಂದೆ ಎಂ.ಎನ್. ಶ್ರೀನಿವಾಸ್ ಎಂದು ಹೆಸರಾದಾಗ, ತಾನು ಇನ್ನೊಂದು ಸಂಸ್ಕೃತಿಯನ್ನು ಮೊದಲು ಕಂಡು ಬೆರಗಾದದ್ದು ಆ ಕೇರಿಯಲ್ಲೇ ಎಂದು ಬರೆದುಕೊಂಡರು. ಪಾಶ್ಚಾತ್ಯ ಮಾನವಶಾಸ್ತ್ರಜ್ಞರು ಹಡಗು ಹತ್ತಿ ದೂರದ ದ್ವೀಪಗಳಿಗೆ ಹೋಗಿ ಕಂಡದ್ದು ಶ್ರೀನಿವಾಸರಿಗೆ ಹಿತ್ತಿಲಲ್ಲೇ ಸಿಕ್ಕಿತ್ತು.

ಆದರೆ ಕೇರಿಯನ್ನು ಕಂಡ ಮಾತ್ರಕ್ಕೆ ಅದು ಪಾಠವಾಗುವುದಿಲ್ಲ. ಪಾಠವಾಗಲು ಒಂದು ಕಾಲೇಜು ಬೇಕಿತ್ತು. ಅದು ಮನೆಯ ಹತ್ತಿರವೇ ಇತ್ತು.

ಅದೇ ಮಹಾರಾಜ ಕಾಲೇಜು. ಅದರ ಬೇರು 1833ರ ಇಂಗ್ಲಿಷ್ ಶಾಲೆಯಲ್ಲಿದೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವವರೆಗೆ ಇಲ್ಲಿನ ಪರೀಕ್ಷೆಗಳನ್ನು ನಡೆಸುತ್ತಿದ್ದುದು ಮದರಾಸು. ಹೊಸ ವಿಶ್ವವಿದ್ಯಾನಿಲಯದ ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೆಂದು ಅವರನ್ನು ನೆನೆಯುವವರು ಹಲವರು. ಅವರು ಮೈಸೂರು ಸಂಸ್ಥಾನದ ಜನಾಂಗ ಸಮೀಕ್ಷೆಯ ಹೊಣೆ ಹೊತ್ತಿದ್ದರೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಯಾವ ಜಾತಿಯಲ್ಲಿ ತೆರ (ಹೆಣ್ಣಿಗೆ ಕೊಡುವ ಹಣ) ಎಷ್ಟು, ಕೂಡಾವಳಿ (ವಿಧವೆಯ ಮರುಮದುವೆ) ಉಂಟೋ ಇಲ್ಲವೋ, ಬೆಡಗುಗಳು (ತಮ್ಮೊಳಗೆ ಮದುವೆಯಾಗದ ಕುಲಗಳು) ಎಷ್ಟು, ಸತ್ತವರನ್ನು ಹೂಳುತ್ತಾರೋ ಸುಡುತ್ತಾರೋ ಎಂಬಂಥ ವಿವರಗಳನ್ನು ಜಾತಿ ಜಾತಿಗೂ ಕಲೆಹಾಕಿ ಬಿಡಿಬಿಡಿ ಪುಸ್ತಿಕೆಗಳಾಗಿ ತಂದರು. 1920ರಲ್ಲಿ ಅವರು ತೀರಿಕೊಂಡರು. ಆ ಕೆಲಸವನ್ನು ಪಾಲಕ್ಕಾಡಿನ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿದರು. ‘ದಿ ಮೈಸೂರ್ ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್’ ಎಂಬ ನಾಲ್ಕು ಸಂಪುಟಗಳು 1928ರಿಂದ ಮೊದಲುಗೊಂಡು ಹೊರಬಂದವು, ಪ್ರಕಟಿಸಿದ್ದು ವಿಶ್ವವಿದ್ಯಾನಿಲಯವೇ. ಈ ಸಂಪುಟಗಳಲ್ಲಿ ಜನರಿದ್ದಾರೆ, ಅವರ ಮಾತು ಮಾತ್ರ ಕೇಳುವುದಿಲ್ಲ. ಈ ಕೊರತೆ ಮುಂದೆ ಬಹುಕಾಲ ಸಮಾಜವನ್ನು ಅರಿಯುವ ಈ ವಿದ್ಯೆಯ ಜೊತೆಗೇ ನಡೆದು ಬಂತು.

ಸಮಾಜಶಾಸ್ತ್ರ ಮೈಸೂರಿನ ಪದವಿ ತರಗತಿಗೆ ಬಂದದ್ದೂ 1928ರಲ್ಲೇ. ಮುಂಬಯಿಯಲ್ಲಿ ಪ್ಯಾಟ್ರಿಕ್ ಗೆಡ್ಡೆಸ್ 1919ರಲ್ಲೇ ವಿಭಾಗ ತೆರೆದಿದ್ದರು. ಮೈಸೂರಿನಲ್ಲಿ ಅದು ತತ್ವಶಾಸ್ತ್ರದ ಮಡಿಲಲ್ಲಿ ಬೆಳೆಯಿತು. ಸಾಕಿದವರು ತತ್ವಶಾಸ್ತ್ರದ ಪ್ರಾಧ್ಯಾಪಕ ಎ.ಆರ್. ವಾಡಿಯಾ. ಆಗ ಕುಲಪತಿಗಳಾಗಿದ್ದವರು ಬ್ರಜೇಂದ್ರನಾಥ ಸೀಲ್, ಅವರೂ ದಾರ್ಶನಿಕರೇ. ವಾಡಿಯಾ 1923ರಲ್ಲೇ ಸ್ತ್ರೀವಾದದ ನೀತಿಯನ್ನು ಕುರಿತು ಒಂದು ಪುಸ್ತಕ ಬರೆದಿದ್ದರು. ಮುಂದೆ ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆದರು. ಅವರ ಆಸರೆಯಲ್ಲಿ ರೂಪುಗೊಂಡ ‘ಸಾಮಾಜಿಕ ತತ್ವಶಾಸ್ತ್ರ’ದ ಆನರ್ಸ್ ಪದವಿಯಲ್ಲಿ ನೀತಿಶಾಸ್ತ್ರ, ರಾಜಕೀಯ ಚಿಂತನೆಗಳ ಜೊತೆಗೆ ಸಮಾಜಶಾಸ್ತ್ರ, ಸಾಮಾಜಿಕ ಮಾನವಶಾಸ್ತ್ರಗಳೂ ಇದ್ದವು. ಹದಿನೆಂಟು ಇಪ್ಪತ್ತರ ವಯಸ್ಸಿನವರ ತಲೆಯ ಮೇಲೆ ಇಷ್ಟೊಂದು ಹೊರೆ! ಆದರೂ ಸಮಾಜವನ್ನು ಒಂದೇ ಕಿಂಡಿಯಿಂದ ನೋಡಬಾರದೆಂಬ ಅರಿವನ್ನು ಅದು ಕೊಟ್ಟಿತು. ಕೊಡದೆ ಹೋದದ್ದು ಒಂದೇ: ಊರಿಗೆ ಹೋಗಿ ಕೂತು ನೋಡುವ ಅಭ್ಯಾಸ.

ಶ್ರೀನಿವಾಸ್ ಈ ಪದವಿ ಪಡೆದು 1936ರಲ್ಲಿ ಮುಂಬಯಿಗೆ ಹೋಗಿ ಜಿ.ಎಸ್. ಘುರ್ಯೆ ಅವರ ಶಿಷ್ಯರಾದರು. ಎಂ.ಎ.ಗೆ ಅವರು ಆರಿಸಿಕೊಂಡದ್ದು ಮೈಸೂರು ಸೀಮೆಯ ಕನ್ನಡ ಜಾತಿಗಳ ಮದುವೆ ಮತ್ತು ಕುಟುಂಬವನ್ನು. 1942ರಲ್ಲಿ ಅದು ಪುಸ್ತಕವಾಯಿತು. ಆಮೇಲೆ ಕೊಡವರ ಅಧ್ಯಯನ, ಆಕ್ಸ್‌ಫರ್ಡ್, 1952ರ ಕೊಡವ ಗ್ರಂಥ. ಕೆಳಗಿನ ಜಾತಿಗಳು ಮೇಲ್ಜಾತಿಗಳ ಆಚಾರಗಳನ್ನು ಅನುಸರಿಸಿ ಮೇಲೇರಲು ಯತ್ನಿಸುವ ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ ಹೊರಟದ್ದು ಆ ಗ್ರಂಥದಿಂದ. ‘ಪ್ರಬಲ ಜಾತಿ’ ಎಂಬ ಮಾತು, ಚುನಾವಣೆ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಕಾಣುವ ‘ವೋಟ್ ಬ್ಯಾಂಕ್’ ಎಂಬ ಮಾತು ಇವೆರಡಕ್ಕೂ ಅವರ ಐವತ್ತರ ದಶಕದ ಲೇಖನಗಳೇ ಮೂಲ. ಇವುಗಳ ಹಿಂದಿರುವುದು ಮೈಸೂರು ಸೀಮೆಯ ಒಂದು ಹಳ್ಳಿ, ಕೊಡಗಹಳ್ಳಿ. ಬರಹದಲ್ಲಿ ಅದು ‘ರಾಂಪುರ’.

1948ರಲ್ಲಿ ಶ್ರೀನಿವಾಸ್ ಅಲ್ಲಿ ಇಳಿದುಕೊಂಡದ್ದು ಊರ ಯಜಮಾನರ ಎತ್ತಿನ ಮನೆಯಲ್ಲಿ. ಪಕ್ಕದಲ್ಲಿ ದನ, ಮುಂದೆ ಜಗಲಿ, ಬೆಳಗಾದರೆ ನ್ಯಾಯ ಕೇಳಲು ಬಂದ ಜನ. ಸಂಶೋಧಕನಿಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು ಎನಿಸಬಹುದು. ಆದರೆ ಯಜಮಾನರ ಜಗಲಿಗೆ ಎಲ್ಲರೂ ಒಂದೇ ರೀತಿಯಲ್ಲಿ ಬರುವುದಿಲ್ಲ. ಕೆಲವರು ಮೆಟ್ಟಿಲ ಕೆಳಗೇ ನಿಲ್ಲುತ್ತಾರೆ. ಅಲ್ಲಿ ಬರೆದ ಟಿಪ್ಪಣಿಗಳ ಸಂಸ್ಕರಿಸಿದ ಪ್ರತಿಗಳು 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸಿಕ್ಕವು. ಇದ್ದ ಮೂರೂ ಬೂದಿಯಾದವು. ನೆನಪನ್ನೇ ನೆಚ್ಚಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ತಾವು ಕಂಡದ್ದು ಮೇಲ್ಜಾತಿಯ ಕಣ್ಣಿನ ಹಳ್ಳಿ ಎಂದು ಲೇಖಕರು ಅದರಲ್ಲೇ ಒಪ್ಪಿಕೊಂಡಿದ್ದಾರೆ.

ಒಪ್ಪಿಕೊಂಡರೆ ಸಾಕೇ? ಸಾಲದು ಎಂದವರು ಸಿ. ಪಾರ್ವತಮ್ಮ. ದಲಿತ ಕುಟುಂಬದಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದಲ್ಲೇ ಸಮಾಜಶಾಸ್ತ್ರದ ಪ್ರಾಧ್ಯಾಪಕಿಯಾದವರು. ಮೈಸೂರಿನ ಒಂದು ಹಳ್ಳಿಯ ರಾಜಕೀಯ ಮತ್ತು ಧರ್ಮವನ್ನು ಕುರಿತ ಅವರ ಗ್ರಂಥ 1971ರಲ್ಲಿ ಬಂದಿತ್ತು. 1978ರಲ್ಲಿ ಅವರು ಶ್ರೀನಿವಾಸರ ಪುಸ್ತಕವನ್ನು ‘ಬ್ರಾಹ್ಮಣನೊಬ್ಬನ ಪಯಣ’ ಎಂಬರ್ಥದ ತಲೆಬರಹದಲ್ಲೇ ವಿಮರ್ಶಿಸಿದರು. ದೇಶದ ಸಮಾಜಶಾಸ್ತ್ರಜ್ಞರೆಲ್ಲ ತಲೆದೂಗುತ್ತಿದ್ದ ಕೃತಿಯ ಬಗ್ಗೆ, ಅದೇ ಮೈಸೂರಿನಲ್ಲಿ ಕೂತು, ಹೊಲಗೇರಿಯಿಂದ ನೋಡಿದರೆ ಈ ಊರು ಹೀಗೆಯೇ ಕಾಣುತ್ತದೆಯೇ ಎಂದು ಕೇಳಲು ಎದೆಗಾರಿಕೆ ಬೇಕು. ಕರ್ನಾಟಕದ ಸಮಾಜಶಾಸ್ತ್ರದ ಚರಿತ್ರೆಯಲ್ಲಿ ಈ ಒಂದು ವಿಮರ್ಶೆಗೆ ಹಲವು ಸಂಪುಟಗಳ ತೂಕವಿದೆ. ಸಂಸ್ಕೃತೀಕರಣ ಪ್ರತಿ ವಿದ್ಯಾರ್ಥಿಯ ಬಾಯಲ್ಲಿದೆ. ಪಾರ್ವತಮ್ಮನವರ ಹೆಸರು ಅಷ್ಟು ಸುಲಭವಾಗಿ ಕಿವಿಗೆ ಬೀಳದಿರುವುದು ನೋವಿನ ಸಂಗತಿ.

ಹೊರಗಿನವರೂ ಬಂದರು. ಮ್ಯಾಂಚೆಸ್ಟರಿನ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ ಮಂಡ್ಯದ ಕಡೆಯ ಎರಡು ಹಳ್ಳಿಗಳಲ್ಲಿ ಕೆಲಸ ಮಾಡಿದರು. ವಿಶ್ವೇಶ್ವರಯ್ಯ ನಾಲೆಯ ನೀರು ಕಂಡ ಹಳ್ಳಿಯವರು ಕಬ್ಬು ಬೆಳೆದು ಹಣವಂತರಾದರೂ ಹಳೆಯ ಕಟ್ಟುಕಟ್ಟಳೆಗಳನ್ನು ಬಿಡಲಿಲ್ಲ. ನೀರು ಸಿಗದೆ ಹೊರಗೆ ದುಡಿಮೆ ಹುಡುಕಿದ ಒಣ ಹಳ್ಳಿಯೇ ಹೆಚ್ಚು ಬದಲಾಯಿತು. ನಾಲೆ ಬಂದರೆ ಎಲ್ಲವೂ ಬದಲಾಗುತ್ತದೆ ಎಂದು ನಂಬಿದವರಿಗೆ ಇದು ಎದುರು ಸಾಕ್ಷಿ. ಅತ್ತ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ಮಾನವಶಾಸ್ತ್ರ ಕಲಿಸಿದ ಕೆ. ಈಶ್ವರನ್, ‘ಶಿವಾಪುರ’ ಎಂದು ಕರೆದ ಹಳ್ಳಿಯ ಕುರಿತ ಪುಸ್ತಕವನ್ನು 1968ರಲ್ಲಿ ಕೊಟ್ಟರು.

ಇಂದು ಎರಡು ವಿದ್ಯೆಗಳ ದಾರಿ ಬೇರೆ ಬೇರೆ. ಮಾನವಶಾಸ್ತ್ರ ಬಹುಮಟ್ಟಿಗೆ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ವಿಭಾಗಗಳಲ್ಲೇ ಉಳಿಯಿತು. ಸಮಾಜಶಾಸ್ತ್ರ ಮಾತ್ರ ತಾಲ್ಲೂಕು ಕೇಂದ್ರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳವರೆಗೆ ಇಳಿದು ಬಂತು, ಇಂಗ್ಲಿಷಿನಿಂದ ಕನ್ನಡಕ್ಕೂ ಬಂತು. ಇತಿಹಾಸ, ಅರ್ಥಶಾಸ್ತ್ರಗಳ ಜೊತೆ ಅದನ್ನು ತೆಗೆದುಕೊಂಡು ಬೆಳಗಿನ ಬಸ್ಸಿಗೆ ಬರುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ನಂಜುಂಡಯ್ಯನವರ ಪುಸ್ತಿಕೆಗಳಲ್ಲಿ ಹೆಸರಾಗಿದ್ದ ಜಾತಿಗಳ ಮನೆಯವರು. ಬಂಡಿಕೇರಿಯಂಥ ಕೇರಿಗಳಿಂದ ಬಂದವರು ಈಗ ನೋಟ್‌ಬುಕ್ ಹಿಡಿದು ಬೆಂಚಿನ ಮೇಲೆ ಕೂತಿದ್ದಾರೆ. ಅವರು ಕ್ಷೇತ್ರಕಾರ್ಯಕ್ಕೆಂದು ತಮ್ಮೂರಿಗೇ ಹೊರಟರೆ, ಯಜಮಾನರ ಜಗಲಿಯನ್ನು ದಾಟಿ ಮೊದಲು ತಮ್ಮ ಮನೆಯ ಬಾಗಿಲಿಗೆ ಹೋಗಬಹುದು.