ಹಾಸನ ಸೀಮೆಯ ಬಿಡುವಿನ ಓದು: ಪುರಾಣಶ್ರವಣದಿಂದ ಬೃಹತ್ ಕಾದಂಬರಿಯವರೆಗೆ

ಒಂದು ಮನೆತನದ ಹಲವು ತಲೆಮಾರುಗಳನ್ನೋ ಒಂದು ಊರಿನ ಹಲವು ದಶಕಗಳನ್ನೋ ಕೈಗೆತ್ತಿಕೊಂಡು, ಒಬ್ಬನೇ ನಾಯಕನಿಗೆ ಅಂಟಿಕೊಳ್ಳದೆ ಅನೇಕ ಪಾತ್ರಗಳ ಕಣ್ಣಿನಿಂದ ಕಥೆಯನ್ನು ನಡೆಸುವ ದೀರ್ಘ ಗದ್ಯಕಥನವನ್ನು ಬೃಹತ್ ಕಾದಂಬರಿ ಎನ್ನುತ್ತಾರೆ. ಈ ಪ್ರಕಾರ ಕನ್ನಡದಲ್ಲಿ ಬೆಳೆದದ್ದು ಇಪ್ಪತ್ತನೆಯ ಶತಮಾನದಲ್ಲಿ ಎಂಬುದು ಸಾಹಿತ್ಯ ಚರಿತ್ರೆಯ ಮಟ್ಟಿಗೆ ನಿಜ. ಆದರೆ ಬಿಡುವಿನ ದಿನಗಳಲ್ಲಿ ದೀರ್ಘವಾದ ಕಥೆಯೊಂದಕ್ಕೆ ವಾರಗಟ್ಟಲೆ ಮನಸ್ಸು ಕೊಟ್ಟು ಕೂರುವ ರೂಢಿ ಅಚ್ಚುಕೂಟಕ್ಕಿಂತ ಬಹಳ ಹಳೆಯದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಮಟ್ಟಿಗಂತೂ ಆ ರೂಢಿಯನ್ನು ಬಿಟ್ಟು ಇಲ್ಲಿನ ಕಾದಂಬರಿಯ ಇತಿಹಾಸವನ್ನು ಹೇಳಲಾಗದು.

ಈ ಸೀಮೆಯ ದೀರ್ಘಕಥನದ ಮೊದಲ ದೊಡ್ಡ ಹೆಸರು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಸೇರಿದ್ದು. ಅಲ್ಲಿನ ವಿಂಧ್ಯಗಿರಿಯ ಮೇಲೆ ಗೊಮ್ಮಟನನ್ನು ನಿಲ್ಲಿಸಿದ ಗಂಗರ ಮಂತ್ರಿ ಚಾವುಂಡರಾಯನೇ ಕ್ರಿ.ಶ. 978ರಲ್ಲಿ ‘ಚಾವುಂಡರಾಯ ಪುರಾಣ’ವನ್ನು ರಚಿಸಿದನು. ಇಪ್ಪತ್ನಾಲ್ಕು ತೀರ್ಥಂಕರರು, ಹನ್ನೆರಡು ಚಕ್ರವರ್ತಿಗಳು ಮತ್ತು ಬಲದೇವ, ವಾಸುದೇವ, ಪ್ರತಿವಾಸುದೇವರೆಂಬ ಒಂಬತ್ತೊಂಬತ್ತು ಮಂದಿ, ಹೀಗೆ ಅರವತ್ತಮೂರು ಮಹಾಪುರುಷರ ಚರಿತೆಯನ್ನು ಹೇಳುವ ಈ ಗ್ರಂಥ ಕನ್ನಡದ ಅತ್ಯಂತ ಹಳೆಯ ಗದ್ಯಕೃತಿಗಳ ಸಾಲಿನಲ್ಲಿ ನಿಲ್ಲುತ್ತದೆ. ಜೈನ ಪುರಾಣಗಳಲ್ಲಿ ಬರುವ ಭವಾವಳಿ, ಅಂದರೆ ಒಂದೇ ಜೀವ ಹಲವು ಜನ್ಮಗಳನ್ನು ಹಾದುಬರುವ ಕಥಾಸರಣಿ, ಇಂದು ತಲೆಮಾರುಗಳ ಕಾದಂಬರಿಯೆಂದು ಕರೆಯುವ ರಚನೆಗೆ ತೀರ ದೂರದ್ದಲ್ಲ. ಹಿಂದಿನ ಜನ್ಮದ ಶತ್ರು ಮುಂದಿನ ಜನ್ಮದಲ್ಲಿ ಬಂಧುವಾಗಿ ಬರುವ ಇಂಥ ಕಥೆಯನ್ನು ಹಿಡಿಯಬೇಕಾದರೆ ಕೇಳುಗನು ಹತ್ತಾರು ಹೆಸರು, ಸಂಬಂಧಗಳನ್ನು ಬಹುಕಾಲ ನೆನಪಿನಲ್ಲಿ ಇಟ್ಟುಕೊಳ್ಳಬೇಕಿತ್ತು.

ಬಸದಿಯ ಆವರಣದಾಚೆ ಈ ಶಿಕ್ಷಣವನ್ನು ಹಳ್ಳಿಹಳ್ಳಿಗೆ ಒಯ್ದದ್ದು ಗಮಕ. ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸಿ, ಇನ್ನೊಬ್ಬರು ಅದರ ಅರ್ಥವನ್ನು ಬಿಡಿಸಿ ಹೇಳುವ ಕಲೆಗೆ ಈ ಹೆಸರು. ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’, ಲಕ್ಷ್ಮೀಶನ ‘ಜೈಮಿನಿ ಭಾರತ’, ‘ತೊರವೆ ರಾಮಾಯಣ’ಗಳು ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಬದುಕಿ ಉಳಿದದ್ದು ಹೆಚ್ಚಾಗಿ ಹೀಗೆಯೇ. ಸುಗ್ಗಿ ಮುಗಿದು ಕಣದ ಕೆಲಸ ತೀರಿದ ಮೇಲೆ ಮುಂಗಾರು ಹತ್ತುವವರೆಗಿನ ಬಿಡುವಿನಲ್ಲಿ, ಶ್ರಾವಣದ ಸಂಜೆಗಳಲ್ಲಿ, ಮಳೆ ಕೈಕೊಟ್ಟ ವರ್ಷ ವಿರಾಟಪರ್ವವನ್ನು ಓದಿಸಿದರೆ ಮಳೆಯಾಗುತ್ತದೆಂಬ ನಂಬಿಕೆಯಲ್ಲಿ, ಜನ ದೇವಸ್ಥಾನದ ಜಗಲಿಯಲ್ಲೋ ಪಟೇಲರ ಮನೆಯ ಪಡಸಾಲೆಯಲ್ಲೋ ಸೇರುತ್ತಿದ್ದರು. ಓದು ಬಾರದವರೂ ಕಥೆಯ ಒಳಸುಳಿಗಳನ್ನು ಬಲ್ಲವರಾಗಿರುತ್ತಿದ್ದರು. ಕರ್ಣನ ಪರ ಒಬ್ಬರು, ಭೀಮನ ಪರ ಇನ್ನೊಬ್ಬರು ವಾದಕ್ಕೆ ನಿಲ್ಲುತ್ತಿದ್ದರು, ದ್ಯೂತದ ಸಭೆಯಲ್ಲಿ ದ್ರೌಪದಿ ಕೇಳಿದ ಪ್ರಶ್ನೆಗೆ ಹಿರಿಯರಾರೂ ನೇರ ಉತ್ತರ ಕೊಡಲಿಲ್ಲವೆಂಬ ಸಂಕಟ ಓದು ಮುಗಿದ ಮೇಲೂ ಉಳಿಯುತ್ತಿತ್ತು. ಒಂದು ಘಟನೆಗೆ ಅನೇಕರ ನ್ಯಾಯಗಳಿವೆ ಎಂಬ ಅರಿವು ಇಲ್ಲಿಯ ಜನಕ್ಕೆ ಪಾಶ್ಚಾತ್ಯ ಕಾದಂಬರಿಯಿಂದ ಬಂದುದಲ್ಲ. ಕಾವೇರಿ ದಂಡೆಯ ಮೇಲಿರುವ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಆರ್. ಕೆ. ಶ್ರೀಕಂಠನ್ ಅವರಂಥ ಸಂಗೀತ ವಿದ್ವಾಂಸರನ್ನು ಕೊಟ್ಟ ಊರು. ಸಂಗೀತಕ್ಕೂ ಕಾವ್ಯವಾಚನಕ್ಕೂ ಒಂದೇ ಕಿವಿ ಬೇಕಾಗಿದ್ದ ಕಾಲದಲ್ಲಿ ಇಂಥ ಊರುಗಳು ಕೇಳುವ ಅಭ್ಯಾಸವನ್ನು ಬಹಳ ಎತ್ತರದಲ್ಲಿ ಕಾಪಾಡಿಕೊಂಡು ಬಂದವು.

ಅಚ್ಚಿನ ಕಾದಂಬರಿ ಬಂದ ಮೇಲೆ ಈ ಕೇಳುಗರು ಓದುಗರಾದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಓದಿನ ರುಚಿ ಹತ್ತಿಸಿದರು. ಆ ರುಚಿಯನ್ನು ಸಾಮಾನ್ಯ ಓದುಗರ ದಿನನಿತ್ಯದ ಅಗತ್ಯವಾಗಿಸಿದವರಲ್ಲಿ ಮುಖ್ಯರು ಅನಕೃ, ಅಂದರೆ ಅರಕಲಗೂಡು ನರಸಿಂಗರಾಯ ಕೃಷ್ಣರಾಯರು. ಅವರು 1908ರಲ್ಲಿ ಜನಿಸಿದ್ದು ಕೋಲಾರದಲ್ಲಾದರೂ ಮನೆತನದ ಊರಿನ ಹೆಸರನ್ನು ಕೊನೆಯವರೆಗೂ ತಮ್ಮ ಹೆಸರಿನ ಮೊದಲಲ್ಲೇ ಹೊತ್ತಿದ್ದರು. ಸಂಗೀತಗಾರನ ಬದುಕಿನ ‘ಸಂಧ್ಯಾರಾಗ’ದಿಂದ ವಿಜಯನಗರದ ಐತಿಹಾಸಿಕ ಕಾದಂಬರಿಗಳವರೆಗೆ ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಅವರ ಎಲ್ಲ ಕೃತಿಗಳೂ ಕಾಲಕ್ಕೆ ನಿಲ್ಲುವಂಥವಲ್ಲ ಎಂಬ ವಿಮರ್ಶಕರ ಮಾತನ್ನು ಒಪ್ಪಬಹುದು. ಆದರೆ ಶಾಲೆಗೆ ಬೇಸಿಗೆ ರಜೆ ಬಂದಾಗ ಮನೆಯ ಮೂಲೆಯಲ್ಲಿ ಕನ್ನಡ ಕಾದಂಬರಿ ಹಿಡಿದು ಕೂರುವ ಒಂದು ತಲೆಮಾರನ್ನು ನಿರ್ಮಿಸುವುದರಲ್ಲಿ ಅವರದು ದೊಡ್ಡ ಪಾಲು ಎಂಬುದನ್ನು ಅಷ್ಟೇ ಒತ್ತಿ ಹೇಳಬೇಕಾಗುತ್ತದೆ. 1965ರಲ್ಲಿ ಆರಂಭವಾದ ‘ಸುಧಾ’ದಂಥ ವಾರಪತ್ರಿಕೆಗಳ ಧಾರಾವಾಹಿಗಳೂ, ಅದೇ ವರ್ಷದ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ವಿಸ್ತಾರಗೊಂಡ ಗ್ರಂಥಾಲಯಗಳೂ ಈ ಅಭ್ಯಾಸವನ್ನು ಮುಂದುವರಿಸಿದವು.

ಹೇಮಾವತಿ ನದಿಯ ಸುತ್ತಲೂ ಅನಕೃ ಅವರ ಕಾಲದಲ್ಲಿಯೇ ಎರಡು ಭಿನ್ನ ದಾರಿಗಳು ತೆರೆದವು. ಹಾಸನ ತಾಲ್ಲೂಕಿನ ಗೊರೂರಿನಲ್ಲಿ 1904ರಲ್ಲಿ ಜನಿಸಿದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಊರಿನ ಜನರನ್ನು ಪ್ರಬಂಧಗಳಲ್ಲಿಯೂ, ನದಿಯ ಹೆಸರನ್ನೇ ಹೊತ್ತ ‘ಹೇಮಾವತಿ’ ಕಾದಂಬರಿಯಲ್ಲಿಯೂ ಚಿತ್ರಿಸಿದರು. ಹಾಸನದಲ್ಲಿಯೇ 1908ರಲ್ಲಿ ಹುಟ್ಟಿದ ರಾಜಾರಾವ್ ಇಂಗ್ಲಿಷನ್ನು ಆರಿಸಿಕೊಂಡು 1938ರಲ್ಲಿ ‘ಕಾಂತಾಪುರ’ವನ್ನು ಪ್ರಕಟಿಸಿದರು. ಅಲ್ಲಿ ಸ್ವಾತಂತ್ರ್ಯ ಚಳವಳಿಯ ಕಥೆಯನ್ನು ಹೇಳುವವಳು ಊರಿನ ಒಬ್ಬ ಅಜ್ಜಿ. ಅವಳ ಮಾತು ಸಾಗುವುದು ಸ್ಥಳಪುರಾಣದ, ಅಂದರೆ ಒಂದು ಕ್ಷೇತ್ರದ ಮಹಿಮೆಯನ್ನು ಹೇಳುವ ಹಳೆಯ ಕಥನದ, ಧಾಟಿಯಲ್ಲಿ. ಪರಭಾಷೆಯಲ್ಲಿ ಬರೆದವರಿಗೂ ದೀರ್ಘಕಥನದ ಮಾದರಿ ಸಿಕ್ಕಿದ್ದು ಈ ನೆಲದ ಜಗಲಿಯ ಮೇಲೆಯೇ.

ಈ ಎಲ್ಲ ಎಳೆಗಳೂ ಬಂದು ಕೂಡಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಜನಿಸಿದ ಎಸ್. ಎಲ್. ಭೈರಪ್ಪನವರಲ್ಲಿ. ತಾಯಿಯನ್ನೂ ಒಡಹುಟ್ಟಿದವರನ್ನೂ ಬಾಲ್ಯದಲ್ಲಿಯೇ ಪ್ಲೇಗಿಗೆ ಕಳೆದುಕೊಂಡ ಅವರ ಅನುಭವದ ನೆರಳು 1970ರ ‘ಗೃಹಭಂಗ’ದ ಮೇಲೆ ದಟ್ಟವಾಗಿ ಬಿದ್ದಿದೆ. ಕಥೆ ನಡೆಯುವುದು ತಿಪಟೂರು, ಚನ್ನರಾಯಪಟ್ಟಣಗಳ ಸುತ್ತಿನ ಬಯಲುಸೀಮೆಯಲ್ಲಿ, ಇಪ್ಪತ್ತರಿಂದ ನಲವತ್ತರ ದಶಕದವರೆಗಿನ ಅವಧಿಯಲ್ಲಿ. ಶಾನುಭೋಗಿಕೆ ಎಂದರೆ ಊರಿನ ಭೂಮಿ ಮತ್ತು ಕಂದಾಯದ ಲೆಕ್ಕವನ್ನು ಬರೆದಿಡುವ ವಂಶಪಾರಂಪರ್ಯದ ಹುದ್ದೆ. ಆ ಹುದ್ದೆಯಿದ್ದ ಮನೆಯೊಂದರಲ್ಲಿ ಗಂಡ ಚೆನ್ನಿಗರಾಯ ಕೈಲಾಗದವನಾದಾಗ ಸೊಸೆ ನಂಜಮ್ಮ ತಾನೇ ಲೆಕ್ಕ ಬರೆದು, ಮುತ್ತುಗದ ಎಲೆ ಹಚ್ಚಿ, ಮಕ್ಕಳನ್ನು ಸಾಕುತ್ತಾಳೆ. ಬಾಯಿ ತೆರೆದರೆ ಬೈಗುಳವೇ ಆಗಿರುವ ಅತ್ತೆ ಗಂಗಮ್ಮ, ಮೈದುನ ಅಪ್ಪಣ್ಣಯ್ಯ, ತವರಿನ ಕಂಠೀಜೋಯಿಸರು, ಎಲ್ಲರೂ ತಮ್ಮ ತಮ್ಮ ನ್ಯಾಯದೊಂದಿಗೆ ನಿಲ್ಲುತ್ತಾರೆಯೇ ಹೊರತು ಲೇಖಕರು ಯಾರ ಪರವಾಗಿಯೂ ವಕಾಲತ್ತು ವಹಿಸುವುದಿಲ್ಲ. ಪ್ಲೇಗ್ ತಗುಲಿದಾಗ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಆ ಕಾಲದ ಮೈಸೂರು ಸಂಸ್ಥಾನದ ಹಳ್ಳಿಗಳ ಸಂಕಷ್ಟವನ್ನು ಸರಕಾರಿ ವರದಿಗಳು ಸಾವಿನ ಸಂಖ್ಯೆಯಾಗಿ ದಾಖಲಿಸಿದರೆ, ಈ ಕಾದಂಬರಿ ಮದುವೆಯಾಗಿ ಹೆಚ್ಚು ದಿನವಾಗದ ಮಗಳು ಪಾರ್ವತಿಯನ್ನೂ ಮಗ ರಾಮಣ್ಣನನ್ನೂ ಕಳೆದುಕೊಂಡ ತಾಯಿಯ ಕಡೆಯಿಂದ ದಾಖಲಿಸುತ್ತದೆ. ಈ ಸೀಮೆಯ ಸಾಮಾಜಿಕ ಚರಿತ್ರೆಯನ್ನು ಬರೆಯುವವರು ಇದನ್ನು ಆಕರವಾಗಿ ಓದಲೇಬೇಕು.

ಭೈರಪ್ಪನವರ 1979ರ ‘ಪರ್ವ’ದಲ್ಲಿ ಗಮಕದ ಜಗಲಿಯ ವಾದವೇ ಬೇರೆ ರೂಪ ತಾಳಿತು. ಮಹಾಭಾರತದ ದೈವಿಕ ಪವಾಡಗಳನ್ನು ತೆಗೆದು, ನಿಯೋಗದಂಥ ಪ್ರಾಚೀನ ಪದ್ಧತಿಗಳನ್ನು, ಎಂದರೆ ಸಂತಾನಕ್ಕಾಗಿ ಗಂಡನಲ್ಲದ ಪುರುಷನನ್ನು ಶಾಸ್ತ್ರಸಮ್ಮತವಾಗಿ ಕೂಡುವ ಕ್ರಮವನ್ನು, ಮನುಷ್ಯರ ಸಾಮಾನ್ಯ ನೋವು ಗೊಂದಲಗಳ ಮಟ್ಟದಲ್ಲಿ ಅವರು ಪರಿಶೀಲಿಸಿದರು. ಮದ್ರದೇಶದ ಮುದಿ ಅರಸ ಶಲ್ಯನಿಂದ ತೊಡಗುವ ಕಥೆ ಕುಂತಿ, ದ್ರೌಪದಿ, ಭೀಮ, ಅರ್ಜುನ, ಕರ್ಣ, ಯುಯುಧಾನ ಮೊದಲಾದವರ ನೆನಪುಗಳ ಮೂಲಕ, ಪ್ರಜ್ಞಾಪ್ರವಾಹವೆಂದು ಕರೆಯಲಾಗುವ ಮನಸ್ಸಿನ ಅಖಂಡ ಹರಿವಿನ ತಂತ್ರದಲ್ಲಿ, ಮುಂದೆ ಸಾಗುತ್ತದೆ. ಅಮೆರಿಕದ ಫಾಕ್ನರ್ 1930ರಲ್ಲಿಯೇ ಒಂದು ಸಾವಿನ ಕಥೆಯನ್ನು ಹದಿನೈದು ಮಂದಿಯ ಬಾಯಲ್ಲಿ ಹೇಳಿಸಿದ್ದನೆಂಬುದು ನಿಜವಾದರೂ, ‘ಪರ್ವ’ದ ಓದುಗರಿಗೆ ಈ ತಂತ್ರ ಹೊಸತಾಗಿ ತೋರದಿರಲು ಕಾರಣ ಅವರ ಹಿರಿಯರು ಇವೇ ಪಾತ್ರಗಳ ಪರ ವಿರೋಧ ವಾದಿಸಿದ್ದೇ ಇರಬೇಕು. ಮೈಸೂರಿನ ರಂಗಾಯಣ 2021ರಲ್ಲಿ ಇದನ್ನು ಸುಮಾರು ಎಂಟು ಗಂಟೆಗಳ ನಾಟಕವಾಗಿ ಆಡಿದಾಗಲೂ ಪ್ರೇಕ್ಷಕರು ತಾಳ್ಮೆಯಿಂದ ಕುಳಿತರು.

1993ರ ‘ತಂತು’ ಪತ್ರಕರ್ತ ರವೀಂದ್ರನ ಸುತ್ತ ಸ್ವಾತಂತ್ರ್ಯಾನಂತರದಿಂದ ತುರ್ತುಪರಿಸ್ಥಿತಿಯವರೆಗಿನ ಭಾರತವನ್ನು ಹರಡುತ್ತದೆ. ಅದರ ಹರಹು ದೊಡ್ಡದು, ಬಿಗಿ ‘ಪರ್ವ’ಕ್ಕಿಂತ ಕಡಿಮೆ. ಭೈರಪ್ಪನವರ ಕೊನೆಯ ಹಂತದ ಕೆಲವು ಕಾದಂಬರಿಗಳಲ್ಲಿ ಒಂದು ನಿಲುವಿನ ಪ್ರತಿಪಾದನೆ ಪಾತ್ರಗಳ ಬಹುಧ್ವನಿಯನ್ನು ಮೀರಿ ಕೇಳಿಸುತ್ತದೆಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಬೃಹತ್ ಕಾದಂಬರಿಯ ಸತ್ವವಿರುವುದು ಪುಟಗಳ ಸಂಖ್ಯೆಯಲ್ಲಲ್ಲ, ಲೇಖಕನಿಗೆ ಒಪ್ಪಿಗೆಯಾಗದ ಪಾತ್ರಕ್ಕೂ ಪೂರ್ತಿ ಮಾತಾಡಲು ಸಿಗುವ ಅವಕಾಶದಲ್ಲಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, ಕಾರಂತರ ‘ಮರಳಿ ಮಣ್ಣಿಗೆ’ ಇಂದಿಗೂ ಕೈಬಿಡದೆ ಓದಿಸಿಕೊಳ್ಳುವುದು ಇದೇ ಗುಣದಿಂದ.

ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ತೀರಿಕೊಂಡ ಮೇಲೆ ಅವರ ಕೃತಿಗಳಿಗೆ ಹೊಸ ಓದುಗರು ಕೈಹಾಕುತ್ತಿರುವ ಈ ಹೊತ್ತಿನಲ್ಲಿ, ಬೇಸಿಗೆ ಅಥವಾ ದಸರಾ ರಜೆಗೆ ದೊಡ್ಡ ಕಾದಂಬರಿಯೊಂದನ್ನು ಆರಿಸುವವರು ‘ಪರ್ವ’ದಿಂದ ತೊಡಗದೆ ‘ಗೃಹಭಂಗ’ದಿಂದ ತೊಡಗುವುದು ಒಳ್ಳೆಯದು. ಹಾಸನ ಸೀಮೆಯವರಾದರೆ ಅದನ್ನು ಮನೆಯ ಹಿರಿಯರ ಎದುರು ಗಟ್ಟಿಯಾಗಿ ಓದಿ, ಗಂಗಮ್ಮನ ಪರವಾಗಿ ಅವರು ಏನು ಹೇಳುತ್ತಾರೆಂದು ಕೇಳಿನೋಡಬೇಕು.