ಲೋಪವಾದ ದಿನಗಳು: ತಾರೀಖು, ತಿಥಿ, ವಾರಗಳ ಒಂದು ವಿಚಾರ

ಸಾಮಾನ್ಯಜ್ಞಾನದ ಸಂಗ್ರಹಗಳಲ್ಲಿ ಓದುಗರನ್ನು ಬೆರಗುಗೊಳಿಸಲೆಂದು ಸೇರಿಸುವ ಸಂಗತಿಗಳಲ್ಲಿ ಇದೊಂದು: ಕ್ರಿ. ಶ. ೧೭೫೨ರ ಸೆಪ್ಟೆಂಬರ್ ೩ರಿಂದ ೧೩ರವರೆಗೆ ಇಂಗ್ಲೆಂಡಿನಲ್ಲಿ ಒಂದು ಮಗುವೂ ಹುಟ್ಟಲಿಲ್ಲ, ಒಬ್ಬನೂ ಸಾಯಲಿಲ್ಲ, ಒಂದು ಮದುವೆಯೂ ನಡೆಯಲಿಲ್ಲ. ಇದು ಅಕ್ಷರಶಃ ಸತ್ಯ. ಏಕೆಂದರೆ ಆ ಹನ್ನೊಂದು ತಾರೀಖುಗಳು ಆ ದೇಶದಲ್ಲಿ ಬರಲೇ ಇಲ್ಲ. ಸೆಪ್ಟೆಂಬರ್ ೨ನೆಯ ಬುಧವಾರ ರಾತ್ರಿ ಮಲಗಿದ ಜನರು ಮರುದಿನ ಎದ್ದದ್ದು ಸೆಪ್ಟೆಂಬರ್ ೧೪ನೆಯ ಗುರುವಾರದಂದು.

ಸಂಗ್ರಹಕಾರರು ಸೋಜಿಗವನ್ನು ಹೇಳಿ ಅಲ್ಲಿಗೆ ನಿಲ್ಲುತ್ತಾರೆ. ಆದರೆ ಇತಿಹಾಸದ ವಿದ್ಯಾರ್ಥಿಗೆ ನಿಜವಾದ ವಿಚಾರ ತೊಡಗುವುದು ಅಲ್ಲಿಂದಲೇ. ಹನ್ನೊಂದು ದಿನಗಳನ್ನು ಒಂದು ಶಾಸನಸಭೆ ಅಳಿಸಿಹಾಕಬಹುದಾದರೆ, ತಾರೀಖೆಂಬುದು ಎಷ್ಟರಮಟ್ಟಿಗೆ ನಂಬತಕ್ಕ ವಸ್ತು? ಹಿಂದಿನವರು ಬರೆದಿಟ್ಟ ಕಾಲವನ್ನು ನಾವು ಯಾವ ಆಧಾರದಿಂದ ಒರೆಗೆ ಹಚ್ಚಬೇಕು? ಶಾಸನಗಳೇ ಇತಿಹಾಸದ ಮುಖ್ಯ ಸಾಮಗ್ರಿಯಾಗಿರುವ ಕನ್ನಡಿಗರಿಗೆ ಈ ಪ್ರಶ್ನೆ ದೂರದ್ದಲ್ಲ.

ಮೊದಲು ಲೋಪದ ಕಾರಣವನ್ನು ನೋಡೋಣ. ಸೂರ್ಯನು ಒಂದು ವಸಂತ ವಿಷುವದಿಂದ ಮರು ವಿಷುವಕ್ಕೆ ಬರಲು ಸುಮಾರು ೩೬೫.೨೪೨೨ ದಿನಗಳು ಬೇಕು. ಇದರಲ್ಲಿರುವ ಭಿನ್ನಾಂಶವೇ ಎಲ್ಲ ಪಂಚಾಂಗಕಾರರ ತಲೆನೋವಿನ ಮೂಲ. ರೋಮಿನ ಹಳೆಯ ಗಣನೆ ಋತುಗಳಿಂದ ಬಹುದೂರ ಸರಿದುಹೋಗಿದ್ದ ಕಾಲದಲ್ಲಿ ಜೂಲಿಯಸ್ ಸೀಸರನು ಅಲೆಗ್ಸಾಂಡ್ರಿಯದ ಸೊಸಿಜನೀಸನೆಂಬ ಜ್ಯೋತಿರ್ವಿದನ ಸಲಹೆಯನ್ನು ಪಡೆದು ಅದನ್ನು ತಿದ್ದಿದನು. ಹಿಂದಿನ ಬಾಕಿಯನ್ನು ತೀರಿಸಲು ಕ್ರಿ. ಪೂ. ೪೬ನೆಯ ವರ್ಷವನ್ನು ೪೪೫ ದಿನಗಳಿಗೆ ಹಿಗ್ಗಿಸಬೇಕಾಯಿತು. ಮರುವರ್ಷದಿಂದ ವರ್ಷಕ್ಕೆ ೩೬೫ ದಿನ, ನಾಲ್ಕು ವರ್ಷಗಳಿಗೊಮ್ಮೆ ಒಂದು ಅಧಿಕ ದಿನ ಎಂಬ ಕಟ್ಟಳೆ ಜಾರಿಗೆ ಬಂದಿತು.

ಸೀಸರನು ಹತನಾದ ಮೇಲೆ ರೋಮಿನ ಪುರೋಹಿತರು ‘ನಾಲ್ಕನೆಯ ವರ್ಷ’ ಎಂಬುದನ್ನು ಮೊದಲ ವರ್ಷವನ್ನೂ ಸೇರಿಸಿ ಎಣಿಸಿದರು. ‘ಮೂರನೆಯ ದಿನ’ ಎನ್ನುವಾಗ ನಾವೂ ಮೊದಲ ದಿನವನ್ನು ಸೇರಿಸಿ ಎಣಿಸುವುದುಂಟಷ್ಟೆ. ಆದರೆ ಅಲ್ಲಿ ಅದರ ಫಲವಾಗಿ ಮೂರು ವರ್ಷಗಳಿಗೊಮ್ಮೆ ಅಧಿಕ ದಿನ ಬರತೊಡಗಿತು. ಈ ದೋಷವನ್ನು ಸರಿಪಡಿಸಲು ಅಗಸ್ಟಸನು ಹಲವು ವರ್ಷಗಳ ಕಾಲ ಅಧಿಕ ದಿನವನ್ನೇ ನಿಲ್ಲಿಸಬೇಕಾಯಿತು.

ಸೀಸರನ ಗಣನೆಯಲ್ಲಿಯೂ ಒಂದು ಸಣ್ಣ ನ್ಯೂನತೆ ಉಳಿದಿತ್ತು. ಅವನ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು ೧೧ ನಿಮಿಷ ಉದ್ದ. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಇದು ಗಣನೆಗೆ ಬಾರದು. ಆದರೆ ೧೨೮ ವರ್ಷಗಳಲ್ಲಿ ಒಂದು ದಿನವಾಗುತ್ತದೆ. ೩೨೫ರಲ್ಲಿ ನೈಸಿಯದ ಧರ್ಮಸಭೆ ಕೂಡಿದ ಕಾಲಕ್ಕೆ ಮಾರ್ಚ್ ೨೧ರ ಸುಮಾರಿಗೆ ಬೀಳುತ್ತಿದ್ದ ವಸಂತ ವಿಷುವವು ಹದಿನಾರನೆಯ ಶತಮಾನದ ಹೊತ್ತಿಗೆ ಮಾರ್ಚ್ ೧೧ಕ್ಕೆ ಬಂದಿತ್ತು. ಈಸ್ಟರ್ ಹಬ್ಬದ ನಿರ್ಣಯ ವಿಷುವವನ್ನು ಅವಲಂಬಿಸಿದ್ದುದರಿಂದ ಇದು ಧರ್ಮಪೀಠದ ಚಿಂತೆಗೂ ಕಾರಣವಾಯಿತು. ಲೀಲಿಯಸನು ರೂಪಿಸಿ ಕ್ಲಾವಿಯಸನು ಸಮರ್ಥಿಸಿದ ಯೋಜನೆಯನ್ನು ಪೋಪ್ ಹದಿಮೂರನೆಯ ಗ್ರೆಗರಿ ೧೫೮೨ರ ಫೆಬ್ರವರಿಯಲ್ಲಿ ಆಜ್ಞಾಪತ್ರದ ಮೂಲಕ ಘೋಷಿಸಿದರು. ಆ ವರ್ಷದ ಅಕ್ಟೋಬರ್ ೪ರ ಮರುದಿನ ಅಕ್ಟೋಬರ್ ೧೫ ಎಂದಾಯಿತು. ಮುಂದೆ ನಾಲ್ಕು ನೂರು ವರ್ಷಗಳಲ್ಲಿ ಮೂರು ಅಧಿಕ ದಿನಗಳನ್ನು ಬಿಡಬೇಕೆಂದೂ ನಿಯಮವಾಯಿತು. ೧೭೦೦, ೧೮೦೦, ೧೯೦೦ ಅಧಿಕವರ್ಷಗಳಾಗದೆ ೨೦೦೦ ಅಧಿಕವರ್ಷವಾದುದು ಈ ನಿಯಮದಿಂದಲೇ. ಸ್ಪೇಯಿನಿನ ಸಂತ ತೆರೇಸಾ ತೀರಿಕೊಂಡದ್ದು ಸರಿಯಾಗಿ ಆ ಸಂಧಿರಾತ್ರಿಯಲ್ಲಿ. ಆಕೆಯ ಸ್ಮರಣೆಯ ದಿನ ಇಂದಿಗೂ ಅಕ್ಟೋಬರ್ ೧೫.

ಸುಧಾರಣೆ ವಿಜ್ಞಾನಸಮ್ಮತವಾಗಿದ್ದರೂ ಆಜ್ಞೆ ಹೊರಟದ್ದು ಪೋಪರಿಂದ. ಇಟಲಿ, ಸ್ಪೇಯಿನ್, ಪೋರ್ಚುಗಲ್, ಪೋಲೆಂಡುಗಳು ಕೂಡಲೇ ಒಪ್ಪಿದವು. ಇಂಗ್ಲೆಂಡು ೧೭೦ ವರ್ಷ ತಡೆಯಿತು. ರಷ್ಯವು ೧೯೧೮ರವರೆಗೂ ಹಳೆಯ ಗಣನೆಯಲ್ಲಿಯೇ ಇತ್ತು. ಅಲ್ಲಿಯ ‘ಅಕ್ಟೋಬರ್ ಕ್ರಾಂತಿ’ಯ ವಾರ್ಷಿಕೋತ್ಸವ ನವೆಂಬರಿನಲ್ಲಿ ನಡೆಯುತ್ತಿದ್ದುದರ ರಹಸ್ಯ ಇದೇ. ಸ್ವೀಡನ್ ದೇಶವು ದಿನಗಳನ್ನು ಒಂದೊಂದಾಗಿ ಬಿಡಲು ಹೊರಟು, ನಡುವೆ ಕೈಬಿಟ್ಟು, ಹಿಂದಿನ ಗಣನೆಗೆ ಮರಳುವುದಕ್ಕಾಗಿ ೧೭೧೨ರಲ್ಲಿ ಫೆಬ್ರವರಿ ೩೦ ಎಂಬ ತಾರೀಖನ್ನೇ ಆಚರಿಸಿತು. ಹೀಗೆ ಯೂರೋಪಿನಲ್ಲಿ ಮೂರು ಶತಮಾನಗಳಿಗೂ ಹೆಚ್ಚು ಕಾಲ ಒಂದೇ ಸೂರ್ಯೋದಯಕ್ಕೆ ಎರಡು ತಾರೀಖುಗಳಿದ್ದವು.

ಇದನ್ನು ಮರೆತುದರಿಂದ ಹುಟ್ಟಿದ ‘ಸೋಜಿಗಗಳು’ ಒಂದೆರಡಲ್ಲ. ಷೇಕ್ಸ್‌ಪಿಯರನೂ ಸರ್ವಾಂಟಿಸನೂ ೧೬೧೬ರ ಏಪ್ರಿಲ್ ೨೩ರಂದು, ಒಂದೇ ದಿನ, ತೀರಿಕೊಂಡರೆಂಬ ಮಾತು ಪ್ರಸಿದ್ಧವಾಗಿದೆ. ಸ್ಪೇಯಿನಿನಲ್ಲಿ ಆಗ ಹೊಸ ಗಣನೆ, ಇಂಗ್ಲೆಂಡಿನಲ್ಲಿ ಹಳೆಯದು. ಇಂಗ್ಲೆಂಡಿನ ಏಪ್ರಿಲ್ ೨೩ ಸ್ಪೇಯಿನಿನವರಿಗೆ ಮೇ ೩. ಸಾಲದುದಕ್ಕೆ ಸರ್ವಾಂಟಿಸನು ತೀರಿಕೊಂಡದ್ದು ೨೨ರಂದು. ೨೩ ಅವನನ್ನು ಮಣ್ಣುಮಾಡಿದ ದಿನ. ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದನೆಂಬ ಇನ್ನೊಂದು ಮಾತೂ ಇಂತಹುದೇ. ಗೆಲಿಲಿಯೋ ಸತ್ತದ್ದು ಹೊಸ ಗಣನೆಯ ೧೬೪೨ರ ಜನವರಿ ೮. ನ್ಯೂಟನ್ ಹುಟ್ಟಿದ್ದು ಹಳೆಯ ಗಣನೆಯ ೧೬೪೨ರ ಡಿಸೆಂಬರ್ ೨೫. ಎರಡನ್ನೂ ಹೊಸ ಗಣನೆಗೆ ತಂದರೆ ನ್ಯೂಟನ್ನನ ಜನನ ೧೬೪೩ರ ಜನವರಿ ೪ ಆಗುತ್ತದೆ. ಹಳೆಯದಕ್ಕೆ ತಂದರೆ ಗೆಲಿಲಿಯೋನ ಮರಣ ೧೬೪೧ರ ಡಿಸೆಂಬರ್ ೨೯ಕ್ಕೆ ಹೋಗುತ್ತದೆ. ಯಾವ ಒಂದು ಗಣನೆಯಲ್ಲಿಯೂ ಇವೆರಡು ಒಂದೇ ವರ್ಷದಲ್ಲಿ ಕೂಡುವುದಿಲ್ಲ. ಎರಡು ಅಳತೆಗೋಲುಗಳನ್ನು ಬೆರಸಿದಾಗ ಮಾತ್ರ ಈ ಯೋಗ ಕಾಣಿಸುತ್ತದೆ.

೧೭೫೨ರ ಬದಲಾವಣೆಯ ಬಗೆಗೂ ಒಂದು ಕಥೆ ಬೆಳೆದಿದೆ. ತಮ್ಮ ಆಯುಷ್ಯದ ಹನ್ನೊಂದು ದಿನಗಳನ್ನು ಸರಕಾರ ಕದ್ದಿತೆಂದು ಇಂಗ್ಲೆಂಡಿನ ಜನರು ದಂಗೆಯೆದ್ದರೆಂಬುದೇ ಅದು. ಅಂಥ ದಂಗೆಗೆ ಸಮಕಾಲೀನ ಆಧಾರವಿಲ್ಲ. ಚಿತ್ರಕಾರ ಹೊಗಾರ್ಥನು ೧೭೫೪ರ ಚುನಾವಣೆಯನ್ನು ವಿಡಂಬಿಸಿ ಬರೆದ ಚಿತ್ರದಲ್ಲಿ, ಹನ್ನೊಂದು ದಿನಗಳನ್ನು ಹಿಂದಕ್ಕೆ ಕೊಡಿರೆಂಬ ಒಕ್ಕಣೆಯ ಫಲಕವೊಂದು ನೆಲದ ಮೇಲೆ ಬಿದ್ದಿದೆ. ಅಣಕದ ಚಿತ್ರವನ್ನು ಮುಂದಿನವರು ವರದಿಯಾಗಿ ಓದಿಕೊಂಡರು. ವಾಸ್ತವದಲ್ಲಿ ಆ ಶಾಸನವು ಬಹು ಎಚ್ಚರದಿಂದ ರಚಿತವಾಗಿತ್ತು. ಬಾಡಿಗೆ, ಸಾಲ, ಕರಾರುಗಳ ವಾಯಿದೆ ಹಿಂದಿನಷ್ಟೇ ದಿನಗಳು ಕಳೆದ ಮೇಲೆ ಬರಬೇಕು. ಯಾರೂ ಹನ್ನೊಂದು ದಿನ ಮುಂಚೆ ಪ್ರಾಪ್ತವಯಸ್ಕರಾಗಕೂಡದು ಎಂದು ಅದರಲ್ಲಿ ವಿಧಿಸಿತ್ತು. ಅದೇ ಶಾಸನದಿಂದ ಮಾರ್ಚ್ ೨೫ಕ್ಕೆ ತೊಡಗುತ್ತಿದ್ದ ಆಂಗ್ಲ ವರ್ಷವು ಜನವರಿ ೧ಕ್ಕೆ ತೊಡಗುವಂತಾಯಿತು. ಈ ಕಾರಣದಿಂದ ಅಲ್ಲಿಯ ೧೭೫೧ನೆಯ ವರ್ಷಕ್ಕೆ ಕೇವಲ ೨೮೨ ದಿನಗಳು.

ಈ ಶಾಸನ ಏಷ್ಯದಲ್ಲಿದ್ದ ಬ್ರಿಟಿಷ್ ನೆಲೆಗಳಿಗೂ ಅನ್ವಯಿಸಿತು. ಆದುದರಿಂದ ಅದಕ್ಕೆ ಹಿಂದಿನ ಕಂಪನಿಯ ಕಾಗದಪತ್ರಗಳನ್ನು ಓದುವವರು ಎಚ್ಚರವಾಗಿರಬೇಕು. ೧೭೪೬ರಲ್ಲಿ ಲಾಬುರ್ದನೆ ಎಂಬ ಫ್ರೆಂಚ್ ಸೇನಾನಿ ಮದರಾಸನ್ನು ಹಿಡಿದನು. ಕೋಟೆ ಶರಣಾದದ್ದು ಇಂಗ್ಲಿಷರ ಪ್ರಕಾರ ಸೆಪ್ಟೆಂಬರ್ ೧೦, ಫ್ರೆಂಚರ ಪ್ರಕಾರ ಸೆಪ್ಟೆಂಬರ್ ೨೧. ಗೆದ್ದವರೂ ಸೋತವರೂ ಒಂದೇ ಬಾಗಿಲಲ್ಲಿ ನಿಂತು ಒಂದೇ ಹೊತ್ತಿನಲ್ಲಿ ಎರಡು ತಾರೀಖು ಬರೆದರು. ಇಬ್ಬರಲ್ಲಿ ಯಾರೂ ಸುಳ್ಳು ಬರೆಯಲಿಲ್ಲ.

ಆದರೆ ಈ ಎಲ್ಲ ಗೊಂದಲದ ನಡುವೆ ಒಂದು ಎಳೆ ಮಾತ್ರ ಕಡಿಯಲಿಲ್ಲ. ರೋಮಿನಲ್ಲಿ ಅಕ್ಟೋಬರ್ ೪ ಗುರುವಾರ, ಮರುದಿನದ ೧೫ ಶುಕ್ರವಾರ. ಲಂಡನ್ನಿನಲ್ಲಿ ಬುಧವಾರದ ಮರುದಿನ ಗುರುವಾರ. ತಾರೀಖು ಹಾರಿತು, ವಾರ ಹಾರಲಿಲ್ಲ. ಮದರಾಸು ಶರಣಾದ ದಿನಕ್ಕೆ ತಾರೀಖುಗಳು ಎರಡಾದರೂ ವಾರ ಒಂದೇ: ಬುಧವಾರ. ಏಳು ದಿನಗಳ ಈ ಸರಪಳಿ ಗಣನೆಯ ಸುಧಾರಣೆಗಳಿಗೆಲ್ಲ ಹೊರಗಾಗಿ ಉಳಿದುದರಿಂದ ಕಾಲನಿರ್ಣಯದಲ್ಲಿ ವಾರಕ್ಕೆ ವಿಶೇಷವಾದ ಸಾಕ್ಷ್ಯಬಲವುಂಟು.

ಈಗ ನಮ್ಮ ಕಡೆಗೆ ತಿರುಗೋಣ. ದಿನಗಳ ಲೋಪ ನಮಗೆ ಹೊಸದಲ್ಲ. ಒಂದು ಸೂರ್ಯೋದಯಕ್ಕೂ ಮರು ಸೂರ್ಯೋದಯಕ್ಕೂ ನಡುವೆಯೇ ತೊಡಗಿ ಮುಗಿದ ತಿಥಿ ಕ್ಷಯವಾಗುತ್ತದೆ. ಎರಡು ಸೂರ್ಯೋದಯಗಳನ್ನು ಮುಟ್ಟಿದ್ದು ವೃದ್ಧಿಯಾಗುತ್ತದೆ. ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳುಗಳಿಗೊಮ್ಮೆ ಅಧಿಕಮಾಸ ಬರುತ್ತದೆ. ಅಪರೂಪವಾಗಿ ಒಂದು ಮಾಸವೇ ಲೋಪವಾಗುವುದುಂಟು. ೧೯೬೩-೬೪ರಲ್ಲಿ ಮತ್ತು ೧೯೮೨-೮೩ರಲ್ಲಿ ಅಂಥ ಕ್ಷಯಮಾಸಗಳು ಬಂದಿದ್ದವು. ಯೂರೋಪು ಶತಮಾನಗಳ ಬಾಕಿಯನ್ನು ಒಮ್ಮೆಗೇ ತೀರಿಸಿದರೆ ನಮ್ಮವರು ಲೆಕ್ಕವನ್ನು ಆಗಾಗಲೇ ತೀರಿಸಿಕೊಂಡು ಬಂದರು. ಆದರೂ ನಾಕ್ಷತ್ರ ವರ್ಷವನ್ನು ಹಿಡಿದುದರಿಂದ ನಮ್ಮ ಸಂಕ್ರಾಂತಿ ಋತುವಿನಿಂದ ಸರಿಯುತ್ತಲೇ ಇದೆ. ಉತ್ತರಾಯಣದ ನಿಜವಾದ ಆರಂಭ ಡಿಸೆಂಬರ್ ೨೨ರ ಸುಮಾರಿಗೆ ಆಗಿಹೋದರೂ ನಾವು ಹಬ್ಬ ಆಚರಿಸುವುದು ಜನವರಿಯ ನಡುವೆ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಸಮಿತಿ ೧೯೫೫ರಲ್ಲಿ ಈ ವಿಷಯವಾಗಿ ವರದಿಯಿತ್ತಿತು. ಅದರ ಫಲವಾಗಿ ೧೯೫೭ರ ಮಾರ್ಚ್ ೨೨ರಂದು, ಶಕ ೧೮೭೯ರ ಚೈತ್ರ ೧ಕ್ಕೆ, ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು.

ಉತ್ತರದ ನಗರಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಇನ್ನೊಂದು ಭೇದ ಅನುಭವದಿಂದಲೇ ಗೊತ್ತು. ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಅಲ್ಲಿಯವರದು ಹುಣ್ಣಿಮೆಗೆ. ಗೋಕುಲಾಷ್ಟಮಿ ನಮಗೆ ಶ್ರಾವಣ ಬಹುಳದಲ್ಲಿ, ದಿಲ್ಲಿಯ ನೆರೆಯವರಿಗೆ ಭಾದ್ರಪದ ಕೃಷ್ಣದಲ್ಲಿ. ಹಬ್ಬದ ದಿನ ಒಂದೇ, ಮಾಸದ ಹೆಸರು ಬೇರೆ. ಸಂವತ್ಸರದ ಹೆಸರೂ ಹಾಗೆಯೇ: ಗುರುವಿನ ಗತಿಯನ್ನು ಅನುಸರಿಸುವ ಉತ್ತರದ ಎಣಿಕೆಯಲ್ಲಿ ಆಗಾಗ ಒಂದು ಸಂವತ್ಸರ ಲೋಪವಾಗುತ್ತದೆ; ದಕ್ಷಿಣದಲ್ಲಿ ಆ ಲೋಪವನ್ನು ಬಹುಕಾಲದ ಹಿಂದೆಯೇ ಕೈಬಿಡಲಾಯಿತು. ಇವುಗಳ ಮೇಲೆ ಅರಸರ ಇಚ್ಛೆ ಬೇರೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನು ೧೦೭೬ರಲ್ಲಿ ಶಕವರ್ಷವನ್ನು ಬದಿಗಿಟ್ಟು ಚಾಲುಕ್ಯ ವಿಕ್ರಮವರ್ಷವನ್ನು ತೊಡಗಿಸಿದ ಸಂಗತಿ ಓದುಗರಿಗೆ ಪರಿಚಿತವಾದದ್ದು.

ಇಷ್ಟೊಂದು ಗಣನೆಗಳ ನಡುವೆ ನಮ್ಮ ಇತಿಹಾಸಕ್ಕೆ ಆಸರೆಯಾದದ್ದು ಶಾಸನಕಾರರ ಒಂದು ಒಳ್ಳೆಯ ಪದ್ಧತಿ. ಅವರು ಒಂದೇ ಅಂಕೆಯನ್ನು ನಂಬಲಿಲ್ಲ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಕೆಲವೆಡೆ ನಕ್ಷತ್ರ, ಸಂಕ್ರಮಣ, ಗ್ರಹಣ ಎಂದು ಹಲವು ಸಾಕ್ಷಿಗಳನ್ನು ಒಟ್ಟಿಗೆ ನಿಲ್ಲಿಸಿದರು. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ಕಾಲದ ತನ್ನ ಪ್ರಶಸ್ತಿಗೆ ಭಾರತಯುದ್ಧದಿಂದ ೩೭೩೫, ಶಕರಾಜರಿಂದ ೫೫೬ ಎಂದು ಎರಡು ಲೆಕ್ಕ ಕೊಟ್ಟಿದ್ದಾನೆ. ಕಲಿವರ್ಷಕ್ಕೂ ಶಕವರ್ಷಕ್ಕೂ ಇರಬೇಕಾದ ಅಂತರ ೩೧೭೯. ಇಲ್ಲಿಯೂ ಸರಿಯಾಗಿ ಅಷ್ಟೇ ಇದೆ. ಎರಡೂ ಸೇರಿ ನಮ್ಮನ್ನು ೬೩೪-೩೫ಕ್ಕೆ ತಂದು ನಿಲ್ಲಿಸುತ್ತವೆ. ಫ್ಲೀಟ್, ಕೀಲ್‌ಹಾರ್ನ್ ಮೊದಲಾದ ವಿದ್ವಾಂಸರು ಶಾಸನದ ತಿಥಿಗೆ ವಾರ ಹೊಂದುವುದೇ ಎಂದು ಗಣಿಸಿ ಕಾಲವನ್ನು ಪರೀಕ್ಷಿಸಿದರು. ಸೆವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ೧೮೯೬ರಲ್ಲಿ ಕೊಟ್ಟ ಕೋಷ್ಟಕಗಳು, ಅನಂತರ ಸ್ವಾಮಿಕಣ್ಣು ಪಿಳ್ಳೆಯವರ ಬೃಹತ್ ಗಣಿತಗ್ರಂಥ, ಈ ಕೆಲಸವನ್ನು ಸುಲಭಗೊಳಿಸಿದವು. ವಾರವೊಂದೇ ಹೊಂದಿದರೆ ಸಾಲದೆಂಬುದೂ ನಿಜ. ಏಳರಲ್ಲಿ ಒಂದು ಸಲ ಅದು ಆಕಸ್ಮಿಕವಾಗಿಯೂ ಹೊಂದೀತು. ಆದುದರಿಂದಲೇ ಉಳಿದ ಅಂಗಗಳೂ ಬೇಕು.

ಸಾಕ್ಷಿಗಳು ಒಡೆದಾಗ ಎಂಥ ತೊಡಕಾಗುತ್ತದೆಂಬುದಕ್ಕೆ ಹಂಪೆಯ ವಿರೂಪಾಕ್ಷ ದೇವಾಲಯದ ಕೃಷ್ಣದೇವರಾಯನ ಶಾಸನವೇ ನಿದರ್ಶನ. ಅವನ ಪಟ್ಟಾಭಿಷೇಕೋತ್ಸವವನ್ನು ಹೇಳುವ ಈ ಶಾಸನದಲ್ಲಿ ಶಕ ೧೪೩೦ ಕಳೆದು ಶುಕ್ಲ ಸಂವತ್ಸರ, ಮಾಘ ಶುದ್ಧ ಚತುರ್ದಶಿ ಎಂದಿದೆ. ರೂಢಿಯ ಎಣಿಕೆಯಲ್ಲಿ ಗತ ಶಕ ೧೪೩೦ರ ಮಾಘವೆಂದರೆ ೧೫೦೯ರ ಆರಂಭ. ಆದರೆ ಶುಕ್ಲ ಸಂವತ್ಸರ ಬರುವುದು ಶಕ ೧೪೩೧ಕ್ಕೆ. ಅದರ ಮಾಘ ೧೫೧೦ರ ಜನವರಿ. ಪುಸ್ತಕಗಳಲ್ಲಿ ಈ ಎರಡು ವರ್ಷಗಳೂ ಕಾಣಬರುವುದಕ್ಕೆ ಇದೊಂದು ಕಾರಣ. ಒಂದು ವರ್ಷದ ಅಂತರ ಅಲ್ಪವೆಂದು ತೋರಬಹುದು. ಆದರೆ ಅಲ್ಬುಕರ್ಕ್ ಪೋರ್ಚುಗೀಸರ ಗವರ್ನರನಾದದ್ದು ೧೫೦೯ರ ನವೆಂಬರಿನಲ್ಲಿ. ಗೋವೆಗೆ ಅವನು ಮೊದಲ ಸಲ ನುಗ್ಗಿದ್ದು ೧೫೧೦ರ ಆರಂಭದಲ್ಲಿ. ರಾಯನ ಉತ್ಸವ ಅಲ್ಬುಕರ್ಕನ ಅಧಿಕಾರಕ್ಕೆ ಮೊದಲೋ, ಗೋವೆಯ ದಾಳಿಯ ಹೊಸ್ತಿಲಿನಲ್ಲೋ ಎಂಬುದು ಈ ಒಂದು ವರ್ಷದ ಮೇಲೆ ನಿಂತಿದೆ. ಇಂಥಲ್ಲಿ ಅಂಕೆಗಿಂತ ಸಂವತ್ಸರದ ಹೆಸರಿಗೆ ಹೆಚ್ಚು ಬೆಲೆ ಕೊಡುವುದು ನ್ಯಾಯವೆಂದು ನನ್ನ ಅಭಿಪ್ರಾಯ. ಯುಗಾದಿಯಂದು ಪಂಚಾಂಗ ಕೇಳಿ, ದಿನವೂ ಸಂಕಲ್ಪದಲ್ಲಿ ಸಂವತ್ಸರವನ್ನು ಉಚ್ಚರಿಸುತ್ತಿದ್ದ ಜನರು ನಾಲ್ಕಂಕೆಯ ಲೆಕ್ಕದಲ್ಲಿ ಎಡವಿಯಾರು. ನಡೆಯುತ್ತಿರುವ ವರ್ಷದ ಹೆಸರನ್ನು ಮರೆಯಲಾರರು.

ಇದರಿಂದ ನಮ್ಮ ಸಂಶೋಧಕರಿಗೆ ಒಂದು ಕರ್ತವ್ಯ ಒದಗುತ್ತದೆ. ಸೊಲ್ಲಾಪುರ, ಕೊಲ್ಹಾಪುರಗಳ ಸುತ್ತಿನಲ್ಲಿಯೂ ತೆಲಂಗಾಣದಲ್ಲಿಯೂ ಕನ್ನಡ ಶಾಸನಗಳು ಹೇರಳವಾಗಿವೆ. ಹೊರನಾಡಿನಲ್ಲಿದ್ದು ಇವುಗಳನ್ನು ಪ್ರತಿಮಾಡುವ ಉತ್ಸಾಹಿಗಳು ಕಾಲವನ್ನು ಕೂಡಲೇ ಕ್ರಿಸ್ತಶಕಕ್ಕೆ ಇಳಿಸಿ ಒಂದೇ ಅಂಕೆಯನ್ನು ಅಚ್ಚುಹಾಕಬಾರದು. ಕಲ್ಲಿನಲ್ಲಿ ಇದ್ದಂತೆ ಶಕ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಮೊದಲು ಕೊಟ್ಟು, ಅನಂತರ ತಮ್ಮ ಗಣನೆಯನ್ನು ಬೇರೆಯಾಗಿ ಕೊಡಬೇಕು. ಗಣನೆ ತಪ್ಪಿದರೆ ಮುಂದಿನವರು ತಿದ್ದಿಯಾರು. ಕಲ್ಲು ಸವೆದ ಮೇಲೆ, ನಾವು ಬಿಟ್ಟ ಒಂದು ವಾರದ ಹೆಸರನ್ನು ಮಾತ್ರ ಯಾರೂ ಮರಳಿ ತರಲಾರರು.